ಕೂಡಿಸುವ ಪಾಠ

"ಒಂದು ಟೇಬಲ್ ಅಂದ್ರೆ ಅರ್ಧ ಮಾತು. ಎರಡು ಸೇರಿದ್ರೇನೇ ವಿಷ್ಯ ಹೊರಗೆ ಬರೋದು. ನಿಮ್ಮ ಹಾಸ್ಟೆಲ್ ಗುಸುಗುಸು ಇದ್ದ ಹಾಗೆ," ಎಂದರು ಮೇಡಂ. ಲ್ಯಾಬಿನಲ್ಲಿ ನಗೆ ಎದ್ದಿತು.

ಡೇಟಾಬೇಸ್ ಪಾಠಕ್ಕೆ ಪ್ರತಿವರ್ಷ ಅವರೇ ಒಂದು ಸುಳ್ಳು ಅಂಗಡಿ, ಸುಳ್ಳು ಗಿರಾಕಿಗಳನ್ನು ಹುಟ್ಟಿಸುತ್ತಿದ್ದರು. ಈ ಸಲ ವಿಶ್ವವಿದ್ಯಾಲಯದ ಆಫೀಸೇ ನಿಜವಾದ ಮಾಹಿತಿ ಕಳಿಸಿತ್ತು. ಒಂದು ಟೇಬಲ್‌ನಲ್ಲಿ ಲೈಬ್ರರಿ ಬಾಗಿಲಿಗೆ ಕಾರ್ಡ್ ತೋರಿಸಿ ಒಳಹೋದವರು, ಇನ್ನೊಂದರಲ್ಲಿ ಕಾಲೇಜು ಬಸ್ ಹತ್ತಿದವರು. ಹೆಸರಿಲ್ಲ, ಬರೀ ಕಾರ್ಡ್ ನಂಬರು. ಪ್ರಶ್ನೆಯೂ ಅಲ್ಲಿಂದಲೇ ಬಂದಿತ್ತು: ಕಳೆದ ವಾರದ ಒಂದು ಸಂಜೆ ಲೈಬ್ರರಿಗೆ ಬಂದು, ಬಸ್ ಹತ್ತದೆ ಉಳಿದವರು ಯಾರು? ಉತ್ತರಗಳು ನೇರ ಆಫೀಸಿಗೇ ಹೋಗುವ ಏರ್ಪಾಡು. ತಿದ್ದುವ ತಲೆನೋವು ತಪ್ಪಿತೆಂದು ಮೇಡಂ ನಿರಾಳವಾಗಿದ್ದರು.

ಎಲ್ಲರಿಗಿಂತ ಮೊದಲು ಉತ್ತರ ಕಳಿಸಿದವಳು ಗುಬ್ಬಿ. ಮೈಯಲ್ಲಿ ಹಿಡಿಯಷ್ಟಿದ್ದರೂ ಕೈ ಬಲು ಚುರುಕು ಎಂದು ತರಗತಿಯೇ ಇಟ್ಟ ಹೆಸರು ಅದು. ಕಳಿಸಿದ ಮೇಲೆ ಪರದೆಯ ಮೇಲಿದ್ದ ನಂಬರುಗಳನ್ನು ನಿಧಾನವಾಗಿ ಓದಿದಳು. ಮತ್ತೆ ಓದಿದಳು.

"ಮೇಡಂ, ಇದು ನಮ್ಮಣ್ಣನ ನಂಬರು."

"ನಿಂಗೆ ಹೇಗೆ ಗೊತ್ತಮ್ಮಾ?"

"ಕಾರ್ಡ್ ಮರೆತು ಬರೋದು ಅವನ ಹುಟ್ಟುಗುಣ. ಕ್ಯಾಂಟೀನಲ್ಲಿ ನಂಬರು ಹೇಳೋಳು ನಾನೇ." ಅವಳ ದನಿ ಇಳಿಯಿತು. "ಈ ತಾರೀಖು... ಕುಲಪತಿಗಳ ಕಾರಿಗೆ ಕಲ್ಲು ಬಿತ್ತಲ್ಲ, ಅವತ್ತಿಂದು."

ಬಸ್ ಹೊರಟ ಮೇಲೆ, ಲೈಬ್ರರಿಯ ಮುಂದೆಯೇ ಬಿದ್ದ ಕಲ್ಲು. ಡ್ರೈವರನ ಒಂದು ಕಣ್ಣು ಹೋಗಿತ್ತು; ಹೊಡೆದವರು ಇನ್ನೂ ಸಿಕ್ಕಿರಲಿಲ್ಲ. ಮೇಡಂ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅವತ್ತು ಅವನು ನಂಗೆ ಪುಸ್ತಕ ತರೋಕೆ ಹೋಗಿದ್ದ. ಬಸ್ ತಪ್ಪಿ ಮನೆವರೆಗೂ ನಡ್ಕೊಂಡು ಬಂದ. ಕಾಲಲ್ಲಿ ಬೊಬ್ಬೆ ಬಂದಿತ್ತು ಮೇಡಂ."

ಅದು ಎರಡು ಟೇಬಲ್‌ಗಳಲ್ಲಿ ಯಾವುದರಲ್ಲೂ ಇರಲಿಲ್ಲ.

"ಎಲ್ರೂ ಕೈ ನಿಲ್ಲಿಸಿ," ಎಂದರು ಮೇಡಂ. "ಯಾರೂ ಕಳಿಸ್ಬೇಡಿ." ಅಷ್ಟರಲ್ಲಿ ಆಫೀಸಿನ ಗುಮಾಸ್ತರು ಬಾಗಿಲಲ್ಲಿ ನಿಂತಿದ್ದರು.

"ಇನ್ನೂ ಆಗಿಲ್ಲ. ಮಕ್ಕಳು ಈಗಷ್ಟೇ ಕಲೀತಿದ್ದಾರೆ," ಎಂದರು ಮೇಡಂ, ಅವರು ಕೇಳುವ ಮೊದಲೇ.

"ಪರವಾಗಿಲ್ಲ ಮೇಡಂ, ಒಂದು ಬಂತು. ಅದೇ ಸಾಕಂತೆ. ಯಾರೋ ಜಾಣ ಮಗು. ಸಾಹೇಬ್ರಿಗೆ ತುಂಬಾ ಖುಷಿಯಾಯ್ತು." ಅವರು ನಗುತ್ತಲೇ ಹೋದರು.

ಗುಬ್ಬಿ ಆಗಲೇ ಫೋನ್ ಕಿವಿಗಿಟ್ಟಿದ್ದಳು.

"ಅಣ್ಣಾ, ಎಲ್ಲಿದ್ದೀಯ?"

"ಕ್ಯಾಂಟೀನಿಂದ ಹೊರಟೆ ಕಣೇ. ಆಫೀಸಿಂದ ಕರೆ ಬಂತು, ಬೇಗ ಬಾ ಅಂದ್ರು. ಸ್ಕಾಲರ್‌ಶಿಪ್ ಮಂಜೂರಾಗಿರ್ಬೇಕು. ಅಮ್ಮಂಗೆ ಈಗಲೇ ಹೇಳ್ಬೇಡ, ಆಯ್ತಾ?"

"ಹೋಗ್ಬೇಡ. ಕೇಳು ಇಲ್ಲಿ..."

ಅವನು ಕರೆ ಕತ್ತರಿಸಿಯಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ. ಅವಳು ಕಿಟಕಿಗೆ ಓಡಿದಳು. ಏಸಿಗಾಗಿ ಎಂದೋ ಮೊಳೆ ಹೊಡೆದು ಮುಚ್ಚಿದ ಕಿಟಕಿ. ಅಂಗೈಯಿಂದ ಗಾಜು ಬಡಿದಳು. ಮೇಡಂ ಬಂದು ಅವರೂ ಬಡಿದರು.

ಕೆಳಗೆ ಬಿಸಿಲಲ್ಲಿ ಅವನು ಅಂಗಳ ದಾಟುತ್ತಿದ್ದ. ಆಫೀಸಿನ ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡ. ಕೈಯಿಂದಲೇ ಕೂದಲು ಒಪ್ಪ ಮಾಡಿಕೊಂಡ.