ಹೀ ಅಂದರೆ ಅವನು

ಮಕ್ಬೂಲ್ ಕೆಲವು ದಿನಗಳಿಂದ ಶಾಲೆಗೆ ಬಂದಿರಲಿಲ್ಲ. ಜ್ವರವಿರಬೇಕು ಅಂದುಕೊಂಡಿದ್ದ ವೈಜನಾಥ ಮಾಸ್ತರ. ಗುರುವಾರ ಹಾಜರಿ ಕೂಗುವಾಗ ಹಿಂದಿನ ಬೆಂಚಿನ ಅಲ್ಲಾಬಕ್ಷ ಎದ್ದು ನಿಂತ.

“ಜ್ವರ ಅಲ್ರಿ ಮಾಸ್ತರ. ಅವರಪ್ಪ ಸಾಲಿ ಬಿಡಿಸ್ಯಾರ. ಇಂಗ್ರೇಜಿ ಕಲ್ತು ಮಗಾ ಅಪ್ಪಗ ಅವ ಇವ ಅಂದನಂತ.”

ತರಗತಿ ನಕ್ಕಿತು. ವೈಜನಾಥ ನಗಲಿಲ್ಲ. ಹುಡುಗನಿಗೆ ಹಾಗೆ ಅನ್ನಲು ಕಲಿಸಿದವನು ಅವನೇ.

ಹಿಂದಿನ ವಾರ ‘ನನ್ನ ತಂದೆ’ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೇಳಿದ್ದ. ಕಲ್ಯಾಣದ ಆ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ, ಹುಡುಗರ ಮನೆಮಾತು ಮೂರು ಬಗೆ. ಆದರೂ ಎಲ್ಲರೂ ಒಂದೇ ತಪ್ಪು ಮಾಡಿದ್ದರು. ಮಕ್ಬೂಲ್ ಬರೆದದ್ದು: ‘ಮೈ ಫಾದರ್ ಆರ್ ಎ ಮರ್ಚೆಂಟ್. ದೇ ಸೆಲ್ ಕ್ಲಾತ್.’ ಅಪ್ಪನನ್ನು ಬಹುವಚನದಲ್ಲಿ ಕೂರಿಸಿದ್ದರು. ಮೋರಖಂಡಿಯ ಒಕ್ಕಲಿಗರ ಹುಡುಗನೊಬ್ಬ ಮಾತ್ರ ‘ಹೀ’ ಎಂದು ಬರೆದಿದ್ದ. ಅವನು ವ್ಯಾಕರಣ ಬಲ್ಲವನೇನಲ್ಲ. ಅವನ ಮನೆಯಲ್ಲಿ ಅಪ್ಪ ಬರುತ್ತಾನೆ, ಅಪ್ಪ ಹೋಗುತ್ತಾನೆ, ಅಷ್ಟೆ.

“ಹೀ ಅಂದರೆ ಅವನು. ಅಪ್ಪನಾದರೂ ಹೀ,” ಎಂದು ವೈಜನಾಥ ಉಳಿದವರ ಬರವಣಿಗೆಯನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದ್ದ. ಆಗ ಮಕ್ಬೂಲ್ ಕೇಳಿದ್ದ, “ಮತ್ತ ಇಂಗ್ರೇಜರು ಅದಬ, ಮರ್ಯಾದಿ ಎಲ್ಲಿ ಇಟ್ಕೊಂಡಾರ್ರಿ?”

“ಮೊದಲ ಪಾಠ ಕಲಿ, ಕೂಡು,” ಎಂದು ಬಾಯಿ ಮುಚ್ಚಿಸಿದ್ದ ವೈಜನಾಥ. ಉತ್ತರ ಅವನಿಗೆ ಗೊತ್ತಿರಲಿಲ್ಲ. ಅಂದಿನಿಂದ ಆ ಪ್ರಶ್ನೆ ಅವನ ತಲೆಯಲ್ಲೇ ಕೂತಿತ್ತು. ನಿಜ, ಎಲ್ಲಿ ಇಟ್ಟುಕೊಂಡಿದ್ದಾರೆ?

ಆ ಶಾಲೆಗೆ ವಾರದ ರಜೆ ಶುಕ್ರವಾರ, ಭಾನುವಾರವಲ್ಲ. ಊರಿಗೆಂದು ಹುಮನಾಬಾದಿಗೆ ಹೋದವನಿಗೆ ಬಜಾರಿನಲ್ಲಿ ಬೀದರಿನ ಪಾದ್ರಿ ಸಿಕ್ಕ. ದೊರೆಗಳ ಜತೆ ಇಂಗ್ಲಿಷಿನಲ್ಲೇ ಮಾತಾಡಿ ಪಳಗಿದ್ದ ಕನ್ನಡದ ಮುದುಕ. ವೈಜನಾಥ ಅವನನ್ನು ಚಹದ ಅಂಗಡಿಯಲ್ಲಿ ಕೂರಿಸಿ ಅದೇ ಪ್ರಶ್ನೆ ಕೇಳಿದ.

“ನೀನು ಅನ್ನೋ ಮಾತು ಅವ್ರಿಗೂ ಇತ್ತಪ್ಪ, ದೌ ಅಂತ,” ಅಂದ ಪಾದ್ರಿ. “ಈಗ ಬಿಟ್ಟಾರ. ಪ್ರಾರ್ಥನಾದಾಗ ದೇವ್ರಿಗೆ ಮಾತ್ರ ಅಂತಾರ.”

“ಹಂಗಾರ ಯೂ ಅಂದ್ರ?”

“ಅದು ನೀವು. ರಾಜಾಗೂ ಅದ, ಜವಾನಗೂ ಅದ.”

ವೈಜನಾಥನ ಚಹ ಆರಿತು. ಇಷ್ಟು ವರ್ಷ ‘ಯೂ ಅಂದರೆ ನೀನು’ ಎಂದು ಬೋರ್ಡಿನ ಮೇಲೆ ಬರೆದಿದ್ದ. ಇಂಗ್ಲಿಷರು ‘ನೀನು’ ಎಂಬುದನ್ನು ದೇವರಿಗೆ ಬಿಟ್ಟುಕೊಟ್ಟು, ‘ನೀವು’ ಎಂಬುದನ್ನು ಊರಿಗೆಲ್ಲ ಹಂಚಿದ್ದರು. ಇದನ್ನು ಹೇಳಿದರೆ ಮಕ್ಬೂಲನ ಅಪ್ಪ ಒಪ್ಪಿಯಾನು ಎಂದು ಅವನಿಗೆ ಅನಿಸಿತು. ಮ್ಯಾಟ್ರಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಹುಡುಗ ಈಗ ಬಿಟ್ಟರೆ ಮತ್ತೆ ಬರುವವನಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವನು ನೇರ ಮಕ್ಬೂಲನ ಅಪ್ಪ ಲಾಲ್ ಅಹ್ಮದನ ಬಟ್ಟೆ ಅಂಗಡಿಗೆ ಹೋದ. ಮಕ್ಬೂಲ್ ಒಳಗೆ ಬಟ್ಟೆಯ ಥಾನು ಮಡಚುತ್ತಿದ್ದ. ಹೊಸ್ತಿಲ ಹತ್ತಿರ ಹಮಾಲ ನರಸಿಂಗ ಗಂಟು ಕಟ್ಟುತ್ತಿದ್ದ.

“ಬರ್ರಿ ಮಾಸ್ತರ, ಕೂಡ್ರಿ,” ಅಂದ ಲಾಲ್ ಅಹ್ಮದ್. “ಅರಿವಿ ಬೇಕಂದ್ರ ತೋರಸ್ತೀನಿ. ಮಗಾ ಬೇಕಂದ್ರ ಇಲ್ಲ.”

“ಸಿಟ್ಟಾಗಬ್ಯಾಡ್ರಿ ಸೇಠರ.”

“ಈ ನರಸ್ಯಾನ ಮುಂದ ಮಗಾ ತಾ ಬರದಿದ್ದನ್ನ ಓದಿ ಅರ್ಥಾ ಹೇಳಾಕತ್ತಿದ್ದ. ಅವನು ಬಟ್ಟೆ ಮಾರುತ್ತಾನೆ ಅಂತ. ಯಾರು ಅವನು? ನಾ. ನರಸ್ಯಾ ಹಲ್ಲು ಕಿಸದ.”

“ನಾ ನಕ್ಕಿಲ್ರಿ ಸಾವ್ಕಾರ,” ಅಂದ ನರಸಿಂಗ. “ಕೆಮ್ಮು ಬಂದಿತ್ತು.”

“ಇಂಗ್ರೇಜರು ತಮ್ಮ ಬಾದಶಾಗೂ ಹೀ ಅಂತಾರ್ರಿ,” ಅಂದ ವೈಜನಾಥ.

“ಅದು ಅವ್ರ ಬಾದಶಾನ ಹಣೆಬರಹ.”

ವೈಜನಾಥ ಪಾದ್ರಿಯ ಮಾತನ್ನು ನೆನೆದು ಕೇಳಿದ, “ದುಆ ಬೇಡುವಾಗ ಅಲ್ಲಾಗ ಏನಂತೀರಿ ಸೇಠರ? ಆಪ್ ಅಂತ ನೀವು ಹಚ್ಚತೀರೋ, ತೂ ಅಂತ ನೀನು ಹಚ್ಚತೀರೋ?”

“ತೂ.”

“ಅದರಾಗ ಅದಬ ಇಲ್ಲೇನ್ರಿ?”

ಬಟ್ಟೆ ಅಳೆಯುತ್ತಿದ್ದ ಲಾಲ್ ಅಹ್ಮದನ ಕೈಯ ಗಜಕಡ್ಡಿ ನಿಂತಿತು. ಅವನು ಸಿಟ್ಟಾಗಲಿಲ್ಲ, ಯೋಚಿಸಿದ. “ಅಲ್ಲಾ ಒಬ್ಬನ. ಅದಕ್ಕ ತೂ. ಆ ಜಾಗಾ ನನಗ ಯಾಕ ಕೊಡತೀರಿ ಮಾಸ್ತರ? ನಾ ಅಪ್ಪ. ಅಪ್ಪಗ ಅನ್ನೋ ಮಾತು ಅಂದ್ರ ನನಗ ಸಾಕು.”

ಸೋತೆ ಎನ್ನುವುದಕ್ಕಿಂತ, ಆ ಮಾತು ವೈಜನಾಥನಿಗೆ ಹಿಡಿಸಿಬಿಟ್ಟಿತ್ತು. ಆದರೂ ಉಳಿದದ್ದನ್ನು ಹೇಳಿದ. “ಇಂಗ್ರೇಜಿಯೊಳಗ ನೀನು ಅನ್ನೋದ ಇಲ್ರಿ. ಎಲ್ಲಾರಿಗೂ ನೀವ.”

“ಎಲ್ಲಾರಿಗೂ?” ಲಾಲ್ ಅಹ್ಮದ್ ಹೊಸ್ತಿಲ ಕಡೆ ನೋಡಿದ. “ಇವಗೂ?”

“ಹೌದ್ರಿ.”

“ಅಂದ್ರ ನರಸ್ಯಾ ನೀವು, ನಾ ಅವನು. ಚಲೋ ಭಾಷಾ ಕಲಸಾಕತ್ತೀರಿ.”

ಈ ಸಲ ನರಸಿಂಗ ಕೆಮ್ಮಲಿಲ್ಲ, ನಕ್ಕೇಬಿಟ್ಟ. ಕೆಲಸ ಕೆಡಿಸಿದೆ ಎಂದು ವೈಜನಾಥ ಎದ್ದು ನಿಂತ.

“ಅಬ್ಬಾ,” ಒಳಗಿನಿಂದ ಮಕ್ಬೂಲ್ ಅಂದ, “ಒಂದ ಸಲ ಕೇಳ್ರಿ. ಬ್ಯಾರೇ ನಮೂನಿ ಅಂತೀನಿ.”

ಅಪ್ಪ ಬೇಡ ಅನ್ನಲಿಲ್ಲ. ಹುಡುಗ ಮಡಚುತ್ತಿದ್ದ ಬಟ್ಟೆಯನ್ನೇ ನೋಡುತ್ತ ಒಂದೊಂದೇ ವಾಕ್ಯ ಹೇಳಿದ. ‘ಮೈ ಫಾದರ್ ಈಸ್ ಎ ಮರ್ಚೆಂಟ್. ಮೈ ಫಾದರ್ ಸೆಲ್ಸ್ ಕ್ಲಾತ್. ಮೈ ಫಾದರ್ ಗೋಸ್ ಟು ಹುಮನಾಬಾದ್. ಮೈ ಫಾದರ್ ಡಸ್ ನಾಟ್ ಲೈಕ್ ಇಂಗ್ಲಿಷ್.’ ಆಮೇಲೆ ಅರ್ಥವನ್ನೂ ಹೇಳಿದ: ತಂದೆಯವರು ವ್ಯಾಪಾರಿ, ತಂದೆಯವರು ಬಟ್ಟೆ ಮಾರುತ್ತಾರೆ, ತಂದೆಯವರು ಹುಮನಾಬಾದಿಗೆ ಹೋಗುತ್ತಾರೆ, ತಂದೆಯವರಿಗೆ ಇಂಗ್ಲಿಷ್ ಸೇರುವುದಿಲ್ಲ.

“ಆ ಹೀ ಎಲ್ಲಿ ಹೋತು?” ಲಾಲ್ ಅಹ್ಮದ್ ಕೇಳಿದ.

“ಬಿಟ್ಟೀನ್ರಿ.”

ಲಾಲ್ ಅಹ್ಮದ್ ಮಾಸ್ತರನ ಕಡೆ ತಿರುಗಿದ. “ಹಿಂಗ ಬರದ್ರ ತಪ್ಪೇನ್ರಿ?”

ವೈಜನಾಥ ವಾಕ್ಯಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದ. ಮತ್ತೆ ಮತ್ತೆ ಬರುವ ‘ಮೈ ಫಾದರ್’ ಸುತ್ತಿಗೆ ಬಡಿದ ಹಾಗೆ ಕೇಳುತ್ತಿತ್ತು. ಆದರೆ ಕೆಂಪು ಶಾಯಿ ತಾಗಿಸಲು ಎಲ್ಲಿಯೂ ಜಾಗವಿರಲಿಲ್ಲ.

“ತಪ್ಪಿಲ್ರಿ,” ಅಂದ. “ಇಂಗ್ರೇಜರು ಹಿಂಗ ಮಾತಾಡಂಗಿಲ್ಲ, ಅಷ್ಟ.”

“ನಾವೇನು ಇಂಗ್ರೇಜರೇನ್ರಿ?” ಲಾಲ್ ಅಹ್ಮದ್ ಗಜಕಡ್ಡಿ ಕೆಳಗಿಟ್ಟ. “ನಾಳಿ ಮುಂಜಾನೆ ಸಾಲಿಗೆ ಹೋಗೋ.”

ಮಕ್ಬೂಲ್ ತಲೆಯೆತ್ತಿದ. “ಅಬ್ಬಾ, ಅಮ್ಮಾಗ ಶೀ ಅಂದ್ರ ನಡೀತೈತೇನ್ರಿ?”

“ಅದನ್ನ ಅಕಿಗೇ ಕೇಳು,” ಅಂದ ಲಾಲ್ ಅಹ್ಮದ್.