ಖಾಲಿ ಗೋಲಿನಲ್ಲಿ ಮಲಗಿದ್ದವನು

ಜಾಸಿಂತೊ ವಿಲಾರ್ ದೂರದಿಂದ ಕೀಪರನ ಬೆರಳ ತುದಿ ತಪ್ಪಿಸಿ ಚೆಂಡನ್ನು ಮೂಲೆಗೆ ಸೇರಿಸಬಲ್ಲ. ಮೂವರು ಡಿಫೆಂಡರುಗಳು ಮೈಮೇಲೆ ಬಿದ್ದರೂ ತಲೆಯಿಂದ ಹೊಡೆದು ಗೋಲು ತರಬಲ್ಲ. ಆದರೆ ಎದುರಿಗೆ ಕೀಪರನೇ ಇಲ್ಲದೆ ಗೋಲು ಬಾಯಿ ತೆರೆದು ನಿಂತಿದ್ದರೆ ಮಾತ್ರ, ಹಾಳಾದವನು, ಚೆಂಡನ್ನು ಆಕಾಶಕ್ಕೆ ಒದೆಯುತ್ತಿದ್ದ. ಆಕ್ಲೆಂಡಿನ ಆ ಸಣ್ಣ ಕ್ಲಬ್ಬಿಗೆ ಬಂದ ಮೂರು ತಿಂಗಳಲ್ಲಿ ನಾಲ್ಕು ಸಲ ಹೀಗಾಗಿತ್ತು. ನಮ್ಮಜ್ಜಿಯೂ ಹೊಡೆಯುತ್ತಿದ್ದಳು ಅಂಥ ಗೋಲು ಎಂದು ಜನ ನಗುತ್ತಿದ್ದರು.

ಪದ್ಮಾವತಿಗೆ ನಗು ಬರುತ್ತಿರಲಿಲ್ಲ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಹದಿನಾರು ವರ್ಷದಿಂದ ಹಿಲ್ಸ್‌ಬರೋ ಬಡಾವಣೆಯ ಕ್ಲಿನಿಕ್ಕಿನಲ್ಲಿ ಊರವರ ಸೊಂಟ ಮಂಡಿಗಳನ್ನು ನೋಡಿಕೊಳ್ಳುತ್ತಿದ್ದ ಆಕೆ ಶನಿವಾರಗಳಂದು ಆ ಕ್ಲಬ್ಬಿನ ಫಿಸಿಯೋ. ಜಾಸಿಂತೊನ ಬಲಗಾಲು ನೋಯುತ್ತದೆ ಎಂದು ಕೋಚ್ ಅವನನ್ನು ಆಕೆಯ ಬಳಿ ಕಳಿಸಿದ್ದ. ಸ್ಕ್ಯಾನ್ ಆಯಿತು, ಏನೂ ಇಲ್ಲ. ಮತ್ತೊಂದು ಸ್ಕ್ಯಾನ್, ಆಗಲೂ ಏನೂ ಇಲ್ಲ. ಪಾದದ ಮೇಲ್ಭಾಗವನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಆರಡಿಯ ಆಳು ಮಗುವಿನಂತೆ ಕಾಲೆಳೆದುಕೊಳ್ಳುತ್ತಿದ್ದ.

ಪೋರ್ಚುಗಲ್ಲಿನ ಮೀನುಗಾರರ ಊರಿನವನು. ಎರಡನೇ ದರ್ಜೆಯ ತಂಡದಲ್ಲಿ ಆಡಿ, ಇಪ್ಪತ್ತೈದಕ್ಕೆ ದೊಡ್ಡ ತಂಡವೊಂದರ ಕಣ್ಣಿಗೆ ಬಿದ್ದಿದ್ದ. ಅಲ್ಲಿ ಎರಡೇ ವರ್ಷ. ಆಮೇಲೆ ಸೈಪ್ರಸ್, ರೊಮೇನಿಯಾ, ಮಕಾವ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಮೂವತ್ತನಾಲ್ಕಕ್ಕೆ ಇಲ್ಲಿಗೆ ಬಂದು ಮುಟ್ಟಿದ್ದ. "ಇಲ್ಲಿಂದಾಚೆಗೆ ಪೆಂಗ್ವಿನ್ ಟೀಮ್ ಒಂದೇ ಬಾಕಿ ಕಣೇ," ಎನ್ನುತ್ತಿದ್ದ ಪದ್ಮಾವತಿಯ ಗಂಡ ಶ್ರೀಪಾದ. ಜಾಸಿಂತೊ ಎಂಬ ಹೆಸರು ಅವನ ನಾಲಿಗೆಯಲ್ಲಿ ಮೊದಲ ದಿನವೇ ಜಯಂತ ಆಗಿಹೋಗಿತ್ತು.

ಆ ಜುಲೈಯಲ್ಲಿ, 2014ರಲ್ಲಿ, ಕೋಚ್ ಖಡಾಖಂಡಿತವಾಗಿ ಹೇಳಿದ: ಈ ಶನಿವಾರವೂ ಹೀಗೇ ಮಾಡಿದರೆ ಕರಾರು ರದ್ದು. ಆ ವಯಸ್ಸಿನವನನ್ನು ಇನ್ನು ಯಾರು ಕರೆಯುತ್ತಾರೆ? ಚೆಂಡು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಕೂತ. ಪದ್ಮಾವತಿ ಯಂತ್ರ ಎಳೆದು ತರುವಾಗ ಆಕೆಯ ಶೂ ಅವನ ಎಡಗಾಲಿಗೆ ತಾಗಿತು. ಥಟ್ಟನೆ ಬಗ್ಗಿ, ಅವನ ಮೊಣಕಾಲು ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಹುಟ್ಟಿನಿಂದ ಬಂದ ಅಭ್ಯಾಸ, ಎಷ್ಟು ಸಮುದ್ರ ದಾಟಿದರೂ ಬಿಡುವುದಿಲ್ಲ. ಆಕ್ಲೆಂಡಿನ ರೋಗಿಗಳು ಪಾಪ, ಈಕೆಯ ಕಣ್ಣಿಗೆ ಕಸ ಬಿತ್ತೇನೋ ಎಂದುಕೊಂಡು ಸುಮ್ಮನಾಗುತ್ತಿದ್ದರು. ಜಾಸಿಂತೊ ಸುಮ್ಮನಾಗಲಿಲ್ಲ.

"ಇದೇನು ಮಾಡಿದ್ರಿ, ಡೋನಾ ಪದ್ಮಾ?" ಎಂದು ಕೇಳಿದ. ಡೋನಾ ಎಂದರೆ ಅವನ ಭಾಷೆಯಲ್ಲಿ ಅಮ್ಮನವರೇ ಎಂದಂತೆ. ಅವರು ಆಡುತ್ತಿದ್ದುದು ಇಂಗ್ಲಿಷ್. ಅಲ್ಲಿ ನೀನು, ನೀವು ಎರಡೂ ಒಂದೇ. ಆದರೂ ಪದ್ಮಾವತಿಯ ಮನಸ್ಸಿನಲ್ಲಿ ಅವನು ಎಂದೋ ಏಕವಚನಕ್ಕೆ ಇಳಿದಿದ್ದ.

"ನಮ್ಮಲ್ಲಿ ಯಾರಿಗಾದ್ರೂ ಕಾಲು ತಾಗಿದ್ರೆ ಹೀಗೆ ಮುಟ್ಟಿ ಕಣ್ಣಿಗೊತ್ಕೋತೀವಿ. ತಪ್ಪಾಯ್ತು ಅಂತ."

"ಬೇಕೂಂತ ಒದ್ದಿಲ್ಲವಲ್ಲ ನೀವು?"

"ಗೊತ್ತಿಲ್ದೆ ತಾಗಿದ್ರೂ ಮಾಡ್ಬೇಕು. ಅವರಲ್ಲೂ ದೇವ್ರಿರ್ತಾನೆ."

"ಆಗಲೇ ಮಾಡದೇ ಹೋದ್ರೆ?"

ಪದ್ಮಾವತಿ ಸಿಕ್ಕಾಗಿದ್ದ ವೈರು ಬಿಡಿಸುವುದರಲ್ಲಿದ್ದಳು. "ಇನ್ನೊಂದ್ಸಲ ಸಿಕ್ಕಾಗ ಮಾಡಿದ್ರಾಯ್ತು," ಎಂದುಬಿಟ್ಟಳು. ಹಾಗೆಂದು ಅವಳಿಗೆ ಯಾವ ಅಜ್ಜಿಯೂ ಹೇಳಿರಲಿಲ್ಲ, ಯಾವ ಶಾಸ್ತ್ರದಲ್ಲೂ ಇಲ್ಲ. ಬಾಯಿಗೆ ಬಂತು, ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅವನು ಸಿಗ್ತಾನೆ," ಎಂದ ಜಾಸಿಂತೊ. "ಗೋಲು ಖಾಲಿ ಇದ್ದಾಗೆಲ್ಲ ಸಿಗ್ತಾನೆ."

ಒಂಬತ್ತು ವರ್ಷದ ಹಿಂದಿನ ಮಾತು. ಎದುರು ತಂಡದ ಕೀಪರ್ ನೂನೊ, ಇಪ್ಪತ್ತು ವರ್ಷದ ಹುಡುಗ, ಚೆಂಡಿಗೆಂದು ಮುಂದೆ ನುಗ್ಗಿ ಬಿದ್ದ. ಓಡಿಬಂದ ಜಾಸಿಂತೊನ ಬೂಟು ಅವನ ಕಿವಿಯ ಪಕ್ಕಕ್ಕೆ ತಾಗಿತು. ಚೆಂಡು ಉರುಳಿ ಒಳಗೆ ಹೋಯಿತು. ರೆಫರಿ ಗೋಲು ಕೊಟ್ಟ. ಎರಡು ದಿನಕ್ಕೆ ಹುಡುಗ ತೀರಿಕೊಂಡ. ಯಾರೂ ಇವನನ್ನು ದೂರಲಿಲ್ಲ. ಅಂದಿನಿಂದ ಖಾಲಿ ಗೋಲು ಕಂಡರೆ ಸಾಕು, ಗೆರೆಯ ಹತ್ತಿರ ಹಸಿರು ಅಂಗಿಯ ನೂನೊ ಅಡ್ಡ ಮಲಗಿರುತ್ತಾನೆ. ನನ್ನ ಹೆಸರಿನ ಮುಂದೆ ಎಂಬತ್ತೇಳು ಗೋಲು ಅಂತಾರೆ, ನಾನು ಎಂಬತ್ತಾರು ಅಂತೀನಿ ಎಂದ.

ನಾನು ಹೇಳಿದ್ದು ಬದುಕಿರುವವರ ಮಾತಪ್ಪಾ ಎಂದು ಪದ್ಮಾವತಿ ಆಗಲೇ ತಿದ್ದಬೇಕಿತ್ತು. ಅಷ್ಟರಲ್ಲಿ ಮುಂದಿನ ರೋಗಿ ಬಾಗಿಲು ತಟ್ಟಿದರು, ಅವನು ಎದ್ದು ಹೋದ.

ಶನಿವಾರ ಮೋಡ ಕವಿದ ಮಧ್ಯಾಹ್ನ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಎದುರು ತಂಡದ ಕೀಪರ್ ಮುಂದೆ ಓಡಿಬಂದು ಒದ್ದೆ ಹುಲ್ಲಿನಲ್ಲಿ ಜಾರಿದ. ಜಾಸಿಂತೊ ಅವನನ್ನು ದಾಟಿಕೊಂಡ. ಮುಂದೆ ಖಾಲಿ ಗೋಲು. ಬೆಂಚಿನವರೆಲ್ಲ ಎದ್ದು ನಿಂತರು. ಗೆರೆಗೆ ಮೂರು ಹೆಜ್ಜೆ ಇರುವಾಗ ಅವನು ಚೆಂಡನ್ನು ಕಾಲಡಿಗೆ ನಿಲ್ಲಿಸಿದ. ಮಂಡಿಯೂರಿದ. ನೆಲದಿಂದ ಒಂದು ಗೇಣು ಮೇಲೆ, ಮಲಗಿದವನ ತಲೆ ಇರುವಷ್ಟು ಎತ್ತರಕ್ಕೆ ಬಲಗೈ ಚಾಚಿ, ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ.

ಡಿಫೆಂಡರ್ ಬಂದು ಚೆಂಡನ್ನು ಒದ್ದುಕೊಂಡು ಹೋದ. ಗ್ರೌಂಡಿಗೆ ಗ್ರೌಂಡೇ ನಕ್ಕಿತು. ಅವನು ಏನು ಮಾಡಿದನೆಂದು ಅಷ್ಟು ಜನರಲ್ಲಿ ಪದ್ಮಾವತಿ ಒಬ್ಬಳಿಗೇ ಗೊತ್ತು. ಅವಳು ಇನ್ನೊಂದನ್ನೂ ನೋಡಿದ್ದಳು. ಆ ಕೈ ಗಾಳಿಯಲ್ಲಿ ತೇಲಿರಲಿಲ್ಲ. ಯಾವುದೋ ಗಟ್ಟಿಯಾದುದರ ಮೇಲೆ ಊರಿದಂತೆ ನಿಂತಿತ್ತು, ಬೆರಳುಗಳು ಬಾಗಿದ್ದವು. ಸೋಮವಾರ ಬಂದು ಲಾಕರ್ ಖಾಲಿ ಮಾಡು ಎಂದು ಕೋಚ್ ಅಲ್ಲೇ ಹೇಳಿದ.

ಮನೆಗೆ ಬರುವಷ್ಟರಲ್ಲಿ ಶ್ರೀಪಾದ ಫೋನು ಹಿಡಿದು ಕಾದಿದ್ದ. "ಏನೇ ಪದ್ಮಾ, ನಿನ್ನ ಜಯಂತ ಗ್ರೌಂಡಲ್ಲಿ ಪೂಜೆಗೆ ಕೂತ್ಬಿಟ್ನಂತೆ? ವಾಟ್ಸ್ಯಾಪ್ ತುಂಬಾ ಅದೇ ವಿಡಿಯೋ."

"ತಮಾಷೆ ಮಾಡ್ಬೇಡಿ ರೀ. ಅದನ್ನ ಹೇಳ್ಕೊಟ್ಟಿದ್ದೇ ನಾನು."

"ಕಣ್ಣಿಗೊತ್ಕೊಳ್ಳೋದಾ? ಒಳ್ಳೇದೇ ಅಲ್ವೇನೇ?"

"ಕಾಲು ತಾಗಿದ್ದು ಸತ್ತೋಗಿರೋ ಹುಡುಗನಿಗೆ ಕಣ್ರೀ." ಎಲ್ಲವನ್ನೂ ಹೇಳಿದಳು. ಶ್ರೀಪಾದನ ನಗು ಇಳಿದುಹೋಯಿತು. "ನನ್ನ ಒಂದು ಮಾತಿಂದ ಆ ಮನುಷ್ಯನ ಅನ್ನ ಹೋಯ್ತಲ್ರೀ," ಎಂದು ಅವಳು ಅತ್ತಳು.

ಭಾನುವಾರ ಬೆಳಿಗ್ಗೆ ಏವನ್‌ಡೇಲ್ ಮಾರ್ಕೆಟ್ಟಿನಲ್ಲಿ ಅವನು ಸಿಕ್ಕ, ಕೈಯಲ್ಲಿ ಕೊತ್ತಂಬರಿ ಕಟ್ಟು. ಕೊತ್ತಂಬರಿಯನ್ನು ಮೂಸಿ ನೋಡಿ ಕೊಳ್ಳುವುದು ನಾವು ಮಾತ್ರ ಎಂದುಕೊಂಡಿದ್ದಳು, ಪೋರ್ಚುಗೀಸರೂ ಮೂಸುತ್ತಾರೆ. ಕ್ಷಮೆ ಕೇಳಲು ಹೋದವಳನ್ನು ಅವನು ತಡೆದ.

"ನೀವು ಹೇಳಿದ ಹಾಗೇ ಮಾಡಿದೆ. ಬೆಚ್ಚಗಿದ್ದ. ಆದ್ರೆ ಏನೂ ಹೇಳ್ಲಿಲ್ಲ. ಈಗಲೂ ಹಾಗೇ ಮಲಗಿದಾನೆ."

"ಹಾಗೇ ಅಂದ್ರೆ ಹೇಗೆ?" ಕೇಳಬಾರದಿತ್ತು, ಆದರೂ ಕೇಳಿದಳು.

ಅವನು ತೋರಿಸಿದ. ಎರಡೂ ತೋಳು ಎದೆಗೆ ಒತ್ತಿ, ಅಂಗೈ ಅಗಲಿಸಿ, ಬೆರಳು ಬಾಗಿಸಿ. ಇಪ್ಪತ್ತು ವರ್ಷ ಜನರ ಕೈಕಾಲು ಹಿಡಿದು ನೋಡಿದವಳು ಪದ್ಮಾವತಿ. ಖಾಲಿ ಕೈ ಹಾಗಿರುವುದಿಲ್ಲ.

"ಅವನ ಕೈಯಲ್ಲಿ ಏನಿದೆ?"

ಟೊಂಗಾ ದ್ವೀಪದ ಹೆಂಗಸೊಬ್ಬಳು ಗೆಣಸಿನ ಗಾಡಿ ತಳ್ಳಿಕೊಂಡು ಇಬ್ಬರ ನಡುವೆ ಹಾದುಹೋದಳು.

"ಬಾಲ್," ಎಂದ. "ಅವನು ಆಗಲೇ ಹಿಡಿದಿದ್ದ. ನಾನು ಕಾಲು ಎಳ್ಕೋಬಹುದಿತ್ತು. ಎಳ್ಕೊಳ್ಳಲಿಲ್ಲ. ಒದ್ದ ಮೇಲೆ ಅದು ಅವನ ಕೈಯಿಂದ ಬಿತ್ತು. ಮಳೆ, ಜನ ಅಡ್ಡ, ಯಾರಿಗೂ ಕಾಣ್ಲಿಲ್ಲ. ಹುಡುಗ ದುಡುಕಿ ಮುಂದೆ ಬಂದ, ಬಾಲ್ ಸಿಗಲಿಲ್ಲ ಅಂತ ಪೇಪರಿನವರು ಬರೆದ್ರು. ಅವನ ಕೋಚೂ ಅದನ್ನೇ ಹೇಳಿದ. ಆವತ್ತು ದೊಡ್ಡ ಕ್ಲಬ್ಬಿನವರು ನನ್ನ ನೋಡೋಕೆ ಬಂದಿದ್ರು. ಆ ಗೋಲು ನೋಡಿಯೇ ನನ್ನನ್ನ ತಗೊಂಡ್ರು."

ಅವನು ಕೊತ್ತಂಬರಿ ಕಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಅವನ ತಾಯಿ ಪ್ರತಿ ವರ್ಷ ನನಗೆ ಕಾಗದ ಬರೀತಾಳೆ. ನನ್ನ ಮಗನೇ ದುಡುಕಿದ, ನೀನು ಕೊರಗಬೇಡ ಅಂತ."

ಆಗ ಅವಳಿಗೆ ಸಿಟ್ಟು ಬಂತು. ನಿನ್ನೆಯಿಂದ ಇವನಿಗಾಗಿ ಅತ್ತ ಕಣ್ಣೀರೆಲ್ಲ ದಂಡವೆನಿಸಿ ಕೊತ್ತಂಬರಿ ಕಟ್ಟಿನಿಂದಲೇ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. "ಅವನೇನು ಹೇಳ್ತಾನಪ್ಪಾ ನಿನಗೆ?" ಎಂದಳು. "ಏನಾಯ್ತು ಅಂತ ಅವನಿಗೆ ಗೊತ್ತು. ಗೊತ್ತಿಲ್ಲದೇ ಇರೋದು ಅವರಮ್ಮನಿಗೆ. ನಿನ್ನ ಕಾಲು ಇನ್ನೂ ಆ ಹೆಂಗಸಿನ ಮೇಲೇ ಇದೆ."

ಹೇಳಿದ ಮೇಲೆ ಹೆದರಿದಳು. ಒಮ್ಮೆ ಬಾಯಿಗೆ ಬಂದದ್ದು ಹೇಳಿ ಅವನ ಕೆಲಸ ಕಳೆದದ್ದಾಗಿತ್ತು. ಇದು ಏನನ್ನು ಕಳೆಯುತ್ತದೋ! ಆದರೆ ಈ ಸಲ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಸೋಮವಾರ ಸಂಜೆ ಏಳಕ್ಕೆ, ಲಾಕರಿನ ಸಾಮಾನು ತುಂಬಿದ ಚೀಲ ಹೊತ್ತು ಅವನು ಕ್ಲಿನಿಕ್ಕಿಗೆ ಬಂದ. ಪೋರ್ಚುಗಲ್ಲಿನಲ್ಲಿ ಬೆಳಗಿನ ಎಂಟು ಗಂಟೆ. ನೂನೊನ ತಾಯಿಗೆ ಫೋನು ಮಾಡಬೇಕು, ಒಬ್ಬನೇ ಇದ್ದರೆ ಇಟ್ಟುಬಿಡುತ್ತೇನೆ, ನೀವು ಕೂತಿರಿ ಎಂದ. ಬಾಲ್ ಅವನ ಕೈಯಲ್ಲಿತ್ತು, ಇಷ್ಟೇ ಹೇಳುತ್ತೇನೆ ಎಂದು ಆ ಪೋರ್ಚುಗೀಸ್ ಮಾತನ್ನು ಅವಳೆದುರು ಎರಡು ಸಲ ಹೇಳಿ ನೋಡಿಕೊಂಡ. ಅವಳು ಪಕ್ಕದಲ್ಲಿ ಕೂತಳು.

ಹೆಂಗಸಿನ ದನಿ ಕೇಳಿತು. ಅವನ ಹೆಸರು ಕೇಳಿ ಆಕೆಗೆ ಸಂತೋಷವಾದದ್ದು ಭಾಷೆ ಬರದ ಪದ್ಮಾವತಿಗೂ ತಿಳಿಯಿತು. ಅದನ್ನು ಕೇಳಲಾರದೆ ಅವಳು ನೆಲ ನೋಡಿದಳು. ಜಾಸಿಂತೊ ಹೇಳಬೇಕಾದ್ದನ್ನು ಹೇಳಿದ.

ಆಮೇಲೆ ಆಕೆ ಸಣ್ಣಗೆ ಏನೋ ಕೇಳಿದಳು. ಅವನು ಅದೇ ಮಾತನ್ನು ಮತ್ತೆ ಹೇಳಿದ. ಕುರ್ಚಿ ಸರಿದ ಸದ್ದು, ಬಾಗಿಲು ತೆರೆದ ಸದ್ದು.

"ಅವರು ಕಟ್ ಮಾಡಿದ್ರಾ?" ಎಂದಳು ಪದ್ಮಾವತಿ.

"ಇಲ್ಲ. ಗಂಡನನ್ನ ಕರೆಯೋಕೆ ತೋಟಕ್ಕೆ ಹೋಗಿದಾಳೆ. ಅವನಿಗೂ ನಾನೇ ಹೇಳ್ಬೇಕಂತೆ. ಅವನಿಗೆ ಕಿವಿ ಸರಿಯಾಗಿ ಕೇಳಲ್ಲ, ಜೋರಾಗಿ ಹೇಳು ಅಂದಳು."

ಫೋನಿನಲ್ಲಿ ಮುದುಕನೊಬ್ಬನ ಏದುಸಿರು ಬಂತು. ಜಾಸಿಂತೊ ಎದ್ದು ನಿಂತು, ಗೋಡೆಗಳು ಮೊಳಗುವಂತೆ ಕೂಗಿ ಹೇಳಿದ, ಬಾಲ್ ನಿಮ್ಮ ಮಗನ ಕೈಯಲ್ಲಿತ್ತು ಎಂದು. ರಿಸೆಪ್ಷನ್ ಹುಡುಗಿ ಗಾಬರಿಯಿಂದ ಬಾಗಿಲು ತೆಗೆದಳು. ಪದ್ಮಾವತಿ ಏನೂ ಇಲ್ಲವೆಂದು ಕೈಸನ್ನೆ ಮಾಡಿ ಅವಳನ್ನು ಕಳಿಸಿದಳು.

ಮುದುಕನಿಗೆ ಕೇಳಿಸಲಿಲ್ಲವಂತೆ ಎಂದ ಜಾಸಿಂತೊ. ನಿಜವಾಗಿಯೂ ಕೇಳಿಸಲಿಲ್ಲವೋ, ಇನ್ನೊಂದು ಸಲ ಕೇಳುವ ಆಸೆಯೋ, ಪದ್ಮಾವತಿಗೆ ತಿಳಿಯಲಿಲ್ಲ. ಜಾಸಿಂತೊ ಇನ್ನೂ ಜೋರಾಗಿ ಕೂಗಿದ.