ಎರಡನೇ ಬಟ್ಟಲು ಸಾಂಬಾರ್

ಮುಂಬಯಿ ಹತ್ತಿರದ ಠಾಣೆ ರೈಲ್ವೆ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಅರ್ಧ ಆಯುಷ್ಯ ಸಾಂಬಾರ್ ಬಡಿಸಿದ ಹರಿಶ್ಚಂದ್ರನಿಗೆ ಈಗ ಬಡಿಸುವುದರಲ್ಲಿ ಟ್ರೇನಿಂಗ್. ಕೇಳಿದವರು ನಕ್ಕರೆ ನಗಲಿ. ಸರ್ವೋತ್ತಮ ಧಣಿ ತೀರಿಕೊಂಡ ಮೇಲೆ ಮಗ ರಿತೇಶ್ ಆ ಜಾಗ ಮಾರಿ, ಘೋಡಬಂದರ್ ರಸ್ತೆಯ ಮಾಲ್‌ನಲ್ಲಿ ಹೊಸ ಹೋಟೆಲ್ ತೆರೆದಿದ್ದ. ಹಳಬರಿಗೂ ಮೂರು ತಿಂಗಳ ಟ್ರೇನಿಂಗ್, ಪಾಸಾದರೆ ಪಕ್ಕಾ ಕೆಲಸ. ಐವತ್ತು ದಾಟಿದವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಹರಿಶ್ಚಂದ್ರ ಕಪ್ಪು ಟೀ ಶರ್ಟ್ ತೊಟ್ಟು, ಕಲಿಸಲು ಬಂದ ಮಗಳ ಪ್ರಾಯದ ಅನಘಳ ಮುಂದೆ ನಿಂತು, ಹಲ್ಲು ಕಿರಿಯುವುದನ್ನೂ ಕಲಿತ.

ಒಂದು ಮಾತ್ರ ಅವನ ಕೈಗೆ ಹತ್ತಲಿಲ್ಲ. ಇಲ್ಲಿ ಎರಡನೇ ಬಟ್ಟಲು ಸಾಂಬಾರಿಗೆ ಬೇರೆ ಬಿಲ್. ಒಮ್ಮೆ ಬಿಲ್ ಇಲ್ಲದೆ ಬಡಿಸಿದಾಗ, ಮತ್ತೆ ಹಾಗೆ ಮಾಡಬೇಡಿ ಎಂದು ಅನಘ ಮೆಲ್ಲಗೆ ಎಚ್ಚರಿಸಿದ್ದಳು. "ಕಾಕಾ, ಕ್ಯಾಮೆರಾ ಹೈ. ಫಿರ್ ಸೆ ಮತ್ ಕರನಾ."

ಶನಿವಾರ ಹಳೇ ಹೋಟೆಲಿನ ಗಿರಾಕಿಯೊಬ್ಬರು ಬಂದರು. ಅರ್ಧ ಇಡ್ಲಿ ಉಳಿದಿತ್ತು, ಬಟ್ಟಲು ಖಾಲಿ. ಮುದುಕರು ಬಾಯಿ ಬಿಟ್ಟು ಕೇಳಲೂ ಇಲ್ಲ, ಸುಮ್ಮನೆ ತಲೆ ಎತ್ತಿ ನೋಡಿದರು. ಗಿರಾಕಿ ಹೇಳುವ ಮೊದಲೇ ಖಾಲಿ ಬಟ್ಟಲು ಕಾಣಬೇಕು ಎಂದು ಸರ್ವೋತ್ತಮ ಧಣಿ ಬೈದು ಬೈದು ಪಳಗಿಸಿದ ಕೈ ಅದು. ತಾನಾಗಿಯೇ ಸೌಟಿಗೆ ಹೋಯಿತು.

ಸಂಜೆ ರಿತೇಶ್ ಒಳಗೆ ಕರೆದು ಫೋನಿನಲ್ಲಿ ವಿಡಿಯೋ ತೋರಿಸಿದ.

"ಹರೀಶಣ್ಣ, ನಾಳೆಯಿಂದ ಬರ್ಬೇಡಿ. ಟ್ರೇನಿಂಗಲ್ಲೇ ಹೀಗಾದ್ರೆ ಮುಂದೆ ಕ್ಯಾ ಹೋಗಾ?"

"ಆ ಸಾಂಬಾರಿನ ದುಡ್ಡು ನಾನು ಕೊಡ್ತೇನೆ ಧಣಿ. ಇನ್ನು ಹೀಗೆ ಮಾಡುದಿಲ್ಲ. ಬೇಕಾದ್ರೆ ಕಾಲಿಗೆ ಬೀಳ್ತೇನೆ."

ಚಿಕ್ಕಂದಿನಲ್ಲಿ ಸಂಜೆ ಶಾಲೆಯಿಂದ ಹೋಟೆಲಿಗೆ ಬರುತ್ತಿದ್ದ ಈ ರಿತೇಶನಿಗೆ ತುಪ್ಪದ ದೋಸೆ ಚೂರು ಮಾಡಿ ತಿನ್ನಿಸಿದವನು ಹರಿಶ್ಚಂದ್ರನೇ.

"ದುಡ್ಡಿನ ಬಾತ್ ಅಲ್ಲ ಅಣ್ಣಾ, ಸಿಸ್ಟಂ. ನಿಮ್ಗೆ ಬಿಟ್ರೆ ನಾಳೆ ಎಲ್ರಿಗೂ ಬಿಡ್ಬೇಕು."

ರಿತೇಶನ ತಲೆಯ ಮೇಲಿನ ಗೋಡೆಯಲ್ಲಿ ಸರ್ವೋತ್ತಮ ಧಣಿಯ ಫೋಟೋ, ಅದಕ್ಕೊಂದು ಗಂಧದ ಹಾರ. ಕೆಳಗೆ ದಪ್ಪ ಅಕ್ಷರದಲ್ಲಿ, 'ಅಪ್ಪ ಬಡಿಸಿದ ಅದೇ ಪ್ರೀತಿ'. ಪ್ರೀತಿಯಂತೆ! ಹರಿಶ್ಚಂದ್ರನಿಗೆ ರಿತೇಶನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಆದರೆ ಈಗಷ್ಟೇ ಕಾಲಿಗೆ ಬೀಳುತ್ತೇನೆ ಅಂದ ಬಾಯಿಗೆ ಉಗಿಯುವ ಧೈರ್ಯ ಎಲ್ಲಿಂದ ಬರಬೇಕು? ಟೀ ಶರ್ಟ್ ಕಳಚಿಟ್ಟು ಹೊರಟ.

ರಾತ್ರಿ, ಠಾಣೆಯ ಪಕ್ಕದ ಕಳವಾ ಬಡಾವಣೆಯ ಕೋಣೆಯಲ್ಲಿ ಹೆಂಡತಿ ವಿಮಲಾ ಅನ್ನ ಬಡಿಸಿದಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.

"ಪಕ್ಕಾ ಆದ್ಮೇಲೆ ಒಮ್ಮೆ ಊರಿಗೆ ಹೋಗಿ ಬರುವ, ಆಯ್ತಾ? ಇಕೊಳ್ಳಿ, ಇನ್ನೊಂದು ಸೌಟು ಸಾಂಬಾರ್."

ಅವನು ಬಟ್ಟಲಿಗೆ ಕೈ ಅಡ್ಡ ಹಿಡಿದ. "ಅದಕ್ಕೆ ಬೇರೆ ಬಿಲ್ ಉಂಟಾ?"

ವಿಮಲಾ ನಕ್ಕುಬಿಟ್ಟಳು. "ಹೋಟೆಲಿನ ಬುದ್ಧಿ ಮನೆಗೂ ತಂದ್ರಾ?" ಎನ್ನುತ್ತ ಸೌಟು ಬಗ್ಗಿಸಿದಳು. ಬಿಸಿ ಸಾಂಬಾರ್ ಬೆರಳ ಮೇಲೆ ಬಿದ್ದರೂ ಹರಿಶ್ಚಂದ್ರ ಕೈ ತೆಗೆಯಲಿಲ್ಲ.

ಅವಳ ನಗು ನಿಂತಿತು.

"ತೆಗೆದ್ರಾ ಕೆಲಸದಿಂದ?"